ಒಂದು ಹಸಿರು, ಒಂದು ಕಂದು

ಅವರ ಎಡಗಾಲಿಗೆ ಹಸಿರು ಕಾಲುಚೀಲ, ಬಲಗಾಲಿಗೆ ಕಂದು. ಪ್ಯಾಂಟು ಯಾವಾಗಲೂ ಒಂದಿಷ್ಟು ಗಿಡ್ಡವೇ ಇರುತ್ತಿದ್ದುದರಿಂದ ಎರಡೂ ಢಾಳಾಗಿ ಕಾಣುತ್ತಿದ್ದವು. ಬೆಳಗಾವಿಯ ಕಲೆ ಮತ್ತು ವಿನ್ಯಾಸದ ಕಾಲೇಜಿಗೆ ನಾನು ಸೇರಿದ ಮೊದಲ ವಾರ, ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಆ ಹಿರಿಯ ವಿದ್ಯಾರ್ಥಿಯಲ್ಲಿ ನಾನು ಮೊದಲು ಕಂಡದ್ದು ಮುಖವನ್ನಲ್ಲ, ಕಾಲುಗಳನ್ನು. ಕಾಲೇಜಿನಲ್ಲಿ ಅವರಷ್ಟು ಚೆನ್ನಾಗಿ ರೇಖೆ ಎಳೆಯುವವರು ಇನ್ನೊಬ್ಬರಿಲ್ಲ ಎಂದು ಅಧ್ಯಾಪಕರೇ ಹೇಳುತ್ತಿದ್ದರು. ಅಂಥವರು ಜೋಡಿ ತಪ್ಪಿದ ಕಾಲುಚೀಲ ಹಾಕುತ್ತಾರೆಂದರೆ ಅದರಲ್ಲಿ ಏನೋ ದೊಡ್ಡ ವಿಚಾರ ಇರಲೇಬೇಕು ಎಂದು ಮೊದಲ ವರ್ಷದವರಾದ ನಾವು ತೀರ್ಮಾನಿಸಿಬಿಟ್ಟೆವು. ಮುಂದಿನ ಸೋಮವಾರ ನಮ್ಮ ತರಗತಿಯ ಅರ್ಧ ಮಂದಿ ಕಾಲಿಗೊಂದು ಬಣ್ಣ ಹಾಕಿಕೊಂಡು ಬಂದರು. ನಾನೂ ಅವರಲ್ಲಿ ಒಬ್ಬಳು. ಖಾಸಬಾಗದ ನಮ್ಮ ಮನೆಯ ಬಾಗಿಲಲ್ಲಿ ಅವ್ವ ನನ್ನ ಕಾಲು ನೋಡಿ, ಕಲಿಯಲು ಹೋಗಿ ಇದ್ದ ಬುದ್ಧಿಯನ್ನೂ ಕಳೆದುಕೊಂಡು ಬಂದಳು ಎಂದು ಗೊಣಗಿದಳು.

ಅವರು ಸ್ವಂತ ಅಣ್ಣನಲ್ಲ. ನಾನು ಅಣ್ಣಾ ಎಂದೆ, ಅವರು ತಂಗೆವ್ವಾ ಎಂದರು. ಕೊನೆಯವರೆಗೂ ಹಾಗೇ ನಡೆಯಿತು. ಖಾನಾಪುರದವರು. ತಂದೆ ಚಿಕ್ಕಂದಿನಲ್ಲೇ ಹೋಗಿದ್ದರು. ತಾಯಿ ಬೇಸಿಗೆಯಲ್ಲಿ ಕಾಡಂಚಿನ ಗೇರುಹಣ್ಣು, ನೇರಳೆ, ಕವಳಿಹಣ್ಣುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಬೆಳಗಾವಿಯ ಬೀದಿಗಳಲ್ಲಿ ಮಾರಿ ಮಕ್ಕಳನ್ನು ಸಾಕಿದವರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಅಣ್ಣ ಸಿಟ್ಟು ಬಂದಾಗ ಮರಾಠಿಗೆ ಹೋಗುತ್ತಿದ್ದರು, ಆದರೆ ಸಿಟ್ಟೇ ಅಪರೂಪವಾದ್ದರಿಂದ ಅವರ ಮರಾಠಿ ನಾನು ಕೇಳಿದ್ದು ಕಡಿಮೆ.

ಕಾಲುಚೀಲದ ಗುಟ್ಟು ನನಗೆ ತಿಳಿದದ್ದು ಅವರ ಒಂದು ಚಿತ್ರದಿಂದ. ಅಂದು ನಾನು ಚಿತ್ರ ಬರೆಯುವ ಸ್ಟ್ಯಾಂಡ್ ಕೇಳಿ ತರಲು ಅವರ ಸ್ಟುಡಿಯೋಕ್ಕೆ ಹೋಗಿದ್ದೆ. ಕಾಲೇಜಿನ ಗೇಟು ಕಾಯುವ ಮುದುಕನ ಮುಖಚಿತ್ರ ಬರೆದು ಮುಗಿಸಿದ್ದರು. ಮೂಗು, ಹುಬ್ಬು, ಗದ್ದದ ಗಂಟು ಎಲ್ಲ ತದ್ರೂಪ. ಎರಡೂ ಗಲ್ಲ ಮಾತ್ರ ಹಸಿರು. ಅಧ್ಯಾಪಕರು ಆಗಲೇ ನೋಡಿ, ಇದು ಧೈರ್ಯ, ಇದು ಆಧುನಿಕ ದೃಷ್ಟಿ ಎಂದು ಬೆನ್ನು ತಟ್ಟಿ ಹೋಗಿದ್ದರಂತೆ. ನನಗೆ ಬಾಯಿ ಸುಮ್ಮನಿರುವುದಿಲ್ಲ. ಅಜ್ಜನ ಗಲ್ಲಕ್ಕೆ ಹಸಿರು ಯಾಕೆ ಹಚ್ಚಿದಿರಿ ಎಂದು ಕೇಳಿಯೇಬಿಟ್ಟೆ.

ಅವರು ಚಿತ್ರವನ್ನು ನೋಡಿದರು, ಕುಂಚವನ್ನು ನೋಡಿದರು, ಆಮೇಲೆ ನನ್ನನ್ನು.

"ಹಸರು ಐತೇನು ಅದು?" ಎಂದರು. ದನಿ ಬಹಳ ಸಣ್ಣದಾಗಿತ್ತು.

ನಾನು ತಮಾಷೆ ಎಂದುಕೊಂಡು ನಗಲು ಹೋದೆ. ಅವರ ಮುಖ ನೋಡಿ ನಗು ಅಲ್ಲೇ ನಿಂತಿತು.

ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದರು. ಹುಟ್ಟಿದಂದಿನಿಂದ ಕೆಂಪು, ಹಸಿರು, ಕಂದು ಅವರಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಚಿಕ್ಕವರಿದ್ದಾಗ ಮರದ ತುಂಬ ಗೇರುಹಣ್ಣು ಕೆಂಪಗೆ ತೂಗುತ್ತಿದ್ದರೂ ಇವರು ಕೆಳಗೆ ನಿಂತು ಎಲ್ಲಿ ಎಲ್ಲಿ ಎನ್ನುತ್ತಿದ್ದರಂತೆ. ಹುಡುಗ ಕೆಲಸಗಳ್ಳ ಎಂದು ತಾಯಿ ಬೈದು ಬೈದು ದಣಿದಿದ್ದರು. ಕೊನೆಗೆ ಇವರೇ ಒಂದು ದಾರಿ ಕಂಡುಕೊಂಡರು: ಹಣ್ಣು ಕಾಣದಿದ್ದರೂ ಅದರ ಕೆಳಗೆ ನೇತಾಡುವ ಬೀಜದ ಆಕಾರ ಕಾಣುತ್ತದೆ. ಹಾಗೆ ಆಕಾರ ಹುಡುಕಿ ಹುಡುಕಿಯೇ ಅವರ ಕೈಗೆ ಚಿತ್ರ ಹತ್ತಿತ್ತು. ಕಾಲೇಜಿನಲ್ಲಿ ಬಣ್ಣದ ಟ್ಯೂಬುಗಳನ್ನು ಪೆಟ್ಟಿಗೆಯಲ್ಲಿ ಒಂದೇ ಕ್ರಮದಲ್ಲಿ ಇಟ್ಟುಕೊಂಡು ಇಷ್ಟು ದಿನ ದಾಟಿಸಿದ್ದರು. ಅಂದು ಬೆಳಿಗ್ಗೆ ಕಸ ಗುಡಿಸುವಾಗ ಪೆಟ್ಟಿಗೆ ಬಿದ್ದು, ಯಾರೋ ಪುಣ್ಯಾತ್ಮರು ಟ್ಯೂಬುಗಳನ್ನು ಹೇಗೆಂದರೆ ಹಾಗೆ ತುಂಬಿಟ್ಟಿದ್ದರು. ಬಣ್ಣ ಮೆತ್ತಿ ಟ್ಯೂಬುಗಳ ಹೆಸರಿನ ಚೀಟಿಗಳು ಎಂದೋ ಕಾಣದಾಗಿದ್ದವು.

"ಯಾರ ಮುಂದೂ ಹೇಳಬ್ಯಾಡ ತಂಗೆವ್ವಾ," ಎಂದರು. "ಬಣ್ಣ ಕಾಣದಾಂವಗ ಬಣ್ಣದ ಕೆಲಸ ಯಾರು ಕೊಡ್ತಾರ?"

ನಾನು ಹೇಳುವುದಿಲ್ಲ ಎಂದೆ. ಬೇಕಾದರೆ ಕಾಲುಚೀಲಗಳಿಗೆ ಗುರುತಿನ ದಾರ ಹೊಲಿದು ಕೊಡುತ್ತೇನೆ ಎಂದೂ ಸೇರಿಸಿದೆ. ಅವರು ಒಂದು ಕ್ಷಣ ಯೋಚಿಸಿ ಬೇಡವೆಂದರು. ಇಡೀ ಕಾಲೇಜು ಅದನ್ನು ಫ್ಯಾಶನ್ ಎಂದು ನಂಬಿರುವಾಗ ಈಗ ಸರಿಯಾದ ಜೋಡಿ ಹಾಕಿಕೊಂಡರೆ ಜನಕ್ಕೆ ಸಂಶಯ ಬರುತ್ತದೆ ಎಂಬುದು ಅವರ ವಾದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಂದಿನಿಂದ ನಾನು ಅವರಿಗೆ ಬಣ್ಣ ಹೇಳತೊಡಗಿದೆ. ಬರೀ ಕೆಂಪು, ಹಸಿರು ಎಂದರೆ ಅವರಿಗೆ ಸಾಲುತ್ತಿರಲಿಲ್ಲ. ಕೆಂಪು ಎನ್ನುವುದು ಅವರ ಪಾಲಿಗೆ ಬರಿಯ ಸಪ್ಪಳ. "ಯಾವ ಹಣ್ಣಿನಂಗ ಐತಿ, ಅದನ್ನ ಹೇಳು," ಎನ್ನುತ್ತಿದ್ದರು. ಹಣ್ಣಿನ ರುಚಿ, ವಾಸನೆ, ಯಾವುದು ಎಷ್ಟು ಮಾಗಿದೆ ಎಂಬುದು ಹಣ್ಣು ಮಾರುವವರ ಮಗನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಹಸಿ ಪೇರಲ ಎಂದರೆ ತಲೆಯಾಡಿಸಿ ಬಣ್ಣ ಕಲಸುತ್ತಿದ್ದರು. ಅರ್ಧ ಮಾಗಿದ ಪೇರಲ ಎಂದರೆ ಒಂದು ಚೂರು ಹಳದಿ ಸೇರಿಸುತ್ತಿದ್ದರು. ತಮಾಷೆಯೆಂದರೆ, ಅದು ಸರಿಯಾಗಿಯೇ ಇರುತ್ತಿತ್ತು.

ಒಂದು ದಿನ ನಮ್ಮ ಮನೆಗೆ ಕರೆದುಕೊಂಡು ಹೋದೆ. ಖಾಸಬಾಗದ ಬಹಳ ಮಂದಿಯ ಹಾಗೆ ಅಪ್ಪನೂ ಸೀರೆ ನೇಯುವವನು. ಮಗ್ಗದ ಪಕ್ಕದಲ್ಲಿ ನೂಲಿನ ಲಡಿಗಳನ್ನು ತೂಗು ಹಾಕಿದ್ದ. ಬಂದವರಿಗೆ ತೋರಿಸುವುದೆಂದರೆ ಅವನಿಗೆ ಖುಷಿ. ಇದು ಬದನಿಕಾಯಿ, ಇದು ಲಿಂಬಿ, ಇದು ದಾಳಿಂಬ್ರಿ ಎಂದು ಒಂದೊಂದನ್ನೇ ಮುಟ್ಟಿ ಹೇಳುತ್ತ ಹೋದ. ನಮ್ಮ ಓಣಿಯಲ್ಲಿ ಬಣ್ಣಗಳಿಗೆ ಇರುವುದೇ ಆ ಹೆಸರುಗಳು. ನಾನು ಹುಟ್ಟಿದಾಗಿನಿಂದ ಕೇಳಿದ್ದೆ, ಅದರಲ್ಲೇನು ವಿಶೇಷ ಎಂದು ಒಂದು ದಿನವೂ ಅನಿಸಿರಲಿಲ್ಲ. ಅಣ್ಣ ಮಾತ್ರ ಹಬ್ಬದೂಟಕ್ಕೆ ಕುಳಿತವರ ಹಾಗೆ ಕೇಳುತ್ತಿದ್ದರು.

"ಕಾಕಾ, ದಾಳಿಂಬ್ರಿ ಅಂದ್ರ ಸಿಪ್ಪಿನೋ, ಕಾಳೋ?"

ಅಪ್ಪ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಇಷ್ಟು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲವಂತೆ. ಕಾಳು ಎಂದ. ಆಮೇಲೆ ಒಳಗೆ ಕೂಗಿ ಹುಡುಗನಿಗೆ ಊಟ ಹಾಕಲು ಹೇಳಿದ.

ಬಸ್ಸಿಗೆ ಬಿಡಲು ಹೋದಾಗ ಅಣ್ಣನ ಕಣ್ಣು ತುಂಬಿದ್ದವು. "ಇಲ್ಲೆ ಬಣ್ಣಕ್ಕ ರುಚಿ ಐತಿ ತಂಗೆವ್ವಾ. ನಾ ಇಲ್ಲೇ ಕೆಲಸ ಮಾಡಾಂವ," ಎಂದರು. ಅಂದಂತೆಯೇ ಮಾಡಿದರು. ಜೊತೆಗೆ ಓದಿದವರು ದೊಡ್ಡ ಊರುಗಳ ಜಾಹೀರಾತು ಕಂಪನಿಗಳಿಗೆ ಹೋದರೆ ಇವರು ಖಾಸಬಾಗದಲ್ಲಿ ಒಂದು ಕೋಣೆ ಹಿಡಿದು ಸೀರೆಗಳಿಗೆ ವಿನ್ಯಾಸ ಮಾಡಲು ಕುಳಿತರು. ಮದುವೆಯ ಮಾತು ತೆಗೆದರೆ ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದರು. ದಿನವೂ ಖಾನಾಪುರದಿಂದ ರೈಲಿನಲ್ಲಿ ಬಂದು ಹೋಗುವುದು, ರೈಲಿನಲ್ಲಿ ಮಡಿಲ ಮೇಲೆ ಹಾಳೆ ಇಟ್ಟುಕೊಂಡು ಸೀರೆಯಂಚಿನ ದಡಿಗೆ ಹೂವು ಬಳ್ಳಿ ಬರೆಯುವುದು.

ಅವರ ಸೀರೆಗಳಲ್ಲಿ ಒಂದು ಗುಣವಿತ್ತು. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೂ, ಓಣಿಯ ಆ ತುದಿಯಿಂದ ನೋಡಿದರೂ ದಡಿಯ ಹೂವು ಒಡಲಿನಿಂದ ಬಿಡಿಸಿ ಕಾಣುತ್ತಿತ್ತು. ಬಣ್ಣ ಕೈಕೊಟ್ಟ ಮನುಷ್ಯ ಬೆಳಕು ನೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವ್ಯಾಪಾರಿಗಳಿಗೆ ಅದೆಲ್ಲ ಗೊತ್ತಿರಲಿಲ್ಲ; ಇವರ ಸೀರೆ ಅಂಗಡಿಯಲ್ಲಿ ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಹೆಸರು ಬೆಳೆಯಿತು. ಹೊರ ರಾಜ್ಯಗಳ ಪ್ರದರ್ಶನಗಳಿಗೆ ಕರೆ ಬಂತು. ಸಾಂಬ್ರಾದಲ್ಲಿ ವಿಮಾನ ಹತ್ತುವ ಮೊದಲು ಕೈಚೀಲದ ಲಡಿಗಳ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಿದ್ದರು. ಕೆಳಗೆ ಎರಡೇ ಶಬ್ದ: ಯಾವ ಹಣ್ಣು? ನಾನು ಸಾರಿಗೆ ಒಗ್ಗರಣೆ ಹಾಕುತ್ತಲೇ, ಮೇಲಿನದು ಮಾಗಿದ ಚಿಕ್ಕು, ಕೆಳಗಿನದು ಕಲ್ಲಂಗಡಿಯ ಒಳಗಿನದು ಎಂದು ಬರೆದು ಕಳಿಸುತ್ತಿದ್ದೆ. ಒಮ್ಮೆ ನನ್ನ ಗಂಡ ಇದನ್ನೆಲ್ಲ ನೋಡಿ, ಈ ಮನುಷ್ಯ ಹಣ್ಣಿನ ಅಡತಿ ಅಂಗಡಿ ಇಟ್ಟಿದ್ದಾನೆಯೇ ಎಂದು ಕೇಳಿದ. ಹೌದು ಎಂದೆ. ಮಾತು ಕೊಟ್ಟಿದ್ದೆನಲ್ಲ.

ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತು ನನಗೆ ಬಹಳ ದಿನ ಇತ್ತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಒಂದು ಚಿತ್ರವನ್ನು ಬಹಳ ಹೆಮ್ಮೆಯಿಂದ ತೋರಿಸಿದಾಗ ಅವರು ಎಂದಿನಂತೆ ಕಣ್ಣು ಕಿರಿದು ಮಾಡಿ ನೋಡಿ, "ಎಲ್ಲಾ ಒಂದ ಆಗೇತಿ," ಎಂದರು. ನನಗೆ ಉರಿದುಹೋಯಿತು. ಕೆಂಪು ಅಂಗಿಯ ಹುಡುಗಿ ಹಸಿರು ತೋಟದಲ್ಲಿ ನಿಂತಿದ್ದಾಳೆ, ಇವರಿಗೆ ಕಾಣದಿದ್ದರೆ ಅದು ನನ್ನ ತಪ್ಪೇ? ಮನೆಗೆ ಬಂದು ಮೊಬೈಲಿನಲ್ಲಿ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ಹುಡುಗಿ ಇರಲಿಲ್ಲ. ತೋಟದಲ್ಲಿ ಕರಗಿ ಹೋಗಿದ್ದಳು. ಚಿತ್ರವನ್ನು ಮೊದಲಿನಿಂದ ಬರೆದೆ.

ಇನ್ನೊಂದು ಮಾತು ಇನ್ನೂ ತಡವಾಗಿ ಹೊಳೆಯಿತು. ಅವರು ಕೇಳದಿದ್ದರೆ ನಾನು ಕೆಂಪನ್ನು ಕೆಂಪು ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಅವರಿಗೆ ಸುಳ್ಳು ಹೇಳಬಾರದೆಂದು ಪ್ರತಿಯೊಂದು ಬಣ್ಣದ ಮುಂದೆ ನಿಂತು, ಇದು ಯಾವ ಹಣ್ಣು, ಎಷ್ಟು ಮಾಗಿದೆ ಎಂದು ನೋಡಬೇಕಾಯಿತು. ಹಾಗೆ ನೋಡಿ ನೋಡಿ ನನಗೆ ನೋಡುವುದು ಬಂತು.

ಮೂರು ವರ್ಷದ ಹಿಂದೆ ಕಾಲೇಜಿನವರು ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ ಇಟ್ಟುಕೊಂಡರು. ಸಿನಿಮಾಗಳಿಗೆ ಸೆಟ್ ಹಾಕುವವನೊಬ್ಬ, ಕಟ್ಟಿಗೆಯ ಆಟಿಕೆಗಳಿಂದ ಹೆಸರಾದವಳೊಬ್ಬಳು, ಜೊತೆಗೆ ಅಣ್ಣ. ಎಲ್ಲರ ತಲೆಗೆ ಫೇಟಾ, ಹೆಗಲಿಗೆ ಶಾಲು, ಕೈಗೆ ಒಂದೊಂದು ಹಣ್ಣಿನ ಬುಟ್ಟಿ. ಖಾಸಬಾಗದ ಸೀರೆ ವ್ಯಾಪಾರಿಗಳೂ ಮುಂದಿನ ಸಾಲಿನಲ್ಲಿ ಬಂದು ಕುಳಿತಿದ್ದರು. ಪ್ರಾಚಾರ್ಯರು ಅಣ್ಣನ ಬಗ್ಗೆ ಮಾತನಾಡುತ್ತ, ಬಣ್ಣವನ್ನು ಕಾಣುವ ಇಂಥ ಕಣ್ಣು ಈ ಕಾಲೇಜಿನಿಂದ ಇನ್ನೊಂದು ಹೊರಬಂದಿಲ್ಲ ಎಂದು ಹೊಗಳಿದರು. ಅಷ್ಟರಲ್ಲಿ ಮೊದಲ ವರ್ಷದ ಮಕ್ಕಳು ಸಾಲಾಗಿ ವೇದಿಕೆ ಹತ್ತಿದರು. ಎಲ್ಲರ ಕಾಲಲ್ಲೂ ಜೋಡಿ ತಪ್ಪಿದ ಕಾಲುಚೀಲ! ನಮ್ಮ ಹುಚ್ಚು ಇಷ್ಟು ವರ್ಷ ಒಬ್ಬರಿಂದ ಒಬ್ಬರಿಗೆ ದಾಟಿ ಬಂದು ಕಾಲೇಜಿನ ಸಂಪ್ರದಾಯವೇ ಆಗಿತ್ತು. ಅಂಥದೇ ಒಂದು ಜೊತೆಯನ್ನು ಅಣ್ಣನಿಗೆ ಕಾಣಿಕೆ ಕೊಟ್ಟರು.

ಅಣ್ಣ ಮೈಕಿನ ಮುಂದೆ ಬಂದು ಆ ಕಾಲುಚೀಲಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಏನು ಹೇಳಲಿದ್ದಾರೆ ಎಂದು ನನಗೆ ಹೊಳೆದುಬಿಟ್ಟಿತು. ಬೇಡ ಎಂದು ಕುಳಿತಲ್ಲಿಂದಲೇ ತಲೆಯಾಡಿಸಿದೆ.

"ನನಗ ಕೆಂಪು, ಹಸರು ಬ್ಯಾರೆ ಬ್ಯಾರೆ ಕಾಣಂಗಿಲ್ರಿ," ಎಂದರು. "ಇದು ಫ್ಯಾಶನ್ ಅಲ್ಲ, ನಂದ ತಪ್ಪು. ಸರ್ ಹೇಳಿದ ಆ ಕಣ್ಣು ನಂದಲ್ಲ. ಅದು ಅಲ್ಲೆ ನಡುವಿನ ಸಾಲಿನ್ಯಾಗ ಕುಂತೈತಿ."

ಅವರು ಎರಡೂ ಕಾಲುಚೀಲಗಳನ್ನು ಎತ್ತಿ ಹಿಡಿದರು.

"ತಂಗೆವ್ವಾ, ಯಾವ ಹಣ್ಣು?"

ಎದ್ದು ನಿಂತೆ. ಮುಂದಿನ ಸಾಲಿನ ವ್ಯಾಪಾರಿಗಳೆಲ್ಲ ಹಿಂದೆ ತಿರುಗಿ ನೋಡುತ್ತಿದ್ದರು. ಒಂದು ಹಸಿ ಪೇರಲ, ಇನ್ನೊಂದು ಚಿಕ್ಕು ಎಂದು ಕೂಗಿ ಹೇಳಿದೆ. ಮೊದಲು ನಕ್ಕವರು ಮಕ್ಕಳು, ಆಮೇಲೆ ಇಡೀ ಸಭೆ, ಆಮೇಲೆ ಚಪ್ಪಾಳೆ.

ಹೊರಗೆ ಬಂದು ನಾನು ಜಗಳವನ್ನೇ ತೆಗೆದೆ. ಇಷ್ಟು ವರ್ಷ ಕಾಯ್ದದ್ದನ್ನು ಹೀಗೆ ವ್ಯಾಪಾರಿಗಳ ಮುಂದೆ ಚೆಲ್ಲಿದರೆ ನಾಳೆ ಕೆಲಸ ಯಾರು ಕೊಡುತ್ತಾರೆ ಎಂದೆ. ಅಣ್ಣ ಬುಟ್ಟಿಯಿಂದ ಒಂದು ಸೇಬು ತೆಗೆದು ಕೈಗೆ ಕೊಟ್ಟು, "ನಿನ್ನ ಕಣ್ಣ ನನ್ನ ಹೆಸರಿಲೆ ಎಷ್ಟ ದಿನ ಇಟ್ಕೊಳ್ಳಲಿ?" ಎಂದರು. ಒಬ್ಬ ವ್ಯಾಪಾರಿ ನಿಜಕ್ಕೂ ಕೆಲಸ ಕೊಡುವುದನ್ನು ನಿಲ್ಲಿಸಿದ. ಉಳಿದವರು ಒಂದೆರಡು ವಾರ ಮಾತಾಡಿಕೊಂಡು, ಉಡುವವಳ ಕಣ್ಣಿಗೆ ಚೆಂದ ಕಂಡರಾಯಿತು ಎಂದು ಮತ್ತೆ ಬಂದರು. ಅಣ್ಣ ಅಂದಿನಿಂದ ಹಗುರಾಗಿ ಓಡಾಡಿದರು. ಸೀರೆಯ ಚೀಟಿಯ ಮೇಲೆ ತಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಹಾಕಿಸಿದರು. ಕಾಲುಚೀಲ ಮಾತ್ರ ಬದಲಾಗಲಿಲ್ಲ.

ಹೋದ ವರ್ಷ ಗೇರುಹಣ್ಣಿನ ದಿನಗಳಲ್ಲಿ ಅಣ್ಣ ತೀರಿಕೊಂಡರು. ಖಾನಾಪುರದ ಮನೆಯಲ್ಲಿ ಊಟಕ್ಕೆ ಕುಳಿತವರು ಎದೆ ಹಿಡಿದುಕೊಂಡು ಒರಗಿದರಂತೆ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ನಾನು ಅವರ ತಾಯಿಯನ್ನು ನೋಡಲು ಹೋದೆ. ಆಯಿ ಪಡಸಾಲೆಯಲ್ಲಿ ಮಗನ ಬಟ್ಟೆಗಳನ್ನು ಹರವಿಕೊಂಡು ಕುಳಿತಿದ್ದರು. ಬೇಕಾದವರಿಗೆ ಕೊಟ್ಟುಬಿಡಬೇಕೆಂದು ಅಂಗಿ ಪ್ಯಾಂಟುಗಳನ್ನು ಮಡಿಚಿ ಆಗಿತ್ತು. ಕಾಲುಚೀಲಗಳ ಒಂದು ಗುಡ್ಡೆ ಉಳಿದಿತ್ತು. ಕಣ್ಣಿನ ಪೊರೆಯಿಂದಾಗಿ ಅವರಿಗೆ ಈಗ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ.

"ಅವನ ಬಣ್ಣದ ಕೆಲಸ ನಿಂದ ಅಲ್ಲೇನ? ಇವನ್ನ ಜೋಡಿ ಮಾಡಿ ಕೊಡವಾ," ಎಂದರು.

ಕರಿಯದಕ್ಕೆ ಕರಿಯದು, ಬೂದಿಗೆ ಬೂದಿ ಸೇರಿಸುತ್ತ ಬಂದೆ. ಕೊನೆಗೆ ಎರಡು ಹಸಿರು, ಎರಡು ಕಂದು ಉಳಿದವು. ತೊಳೆದು ತೊಳೆದು ಬಣ್ಣ ಮಾಸಿದ್ದವು, ಆದರೂ ಯಾವುದು ಯಾವುದೆಂದು ನನಗೆ ಚೆನ್ನಾಗಿ ಕಾಣುತ್ತಿತ್ತು. ಒಂದು ಹಸಿರಿನ ಜೊತೆ ಒಂದು ಕಂದನ್ನು ಇಟ್ಟು ಸುತ್ತಿದೆ. ಉಳಿದ ಎರಡನ್ನೂ ಹಾಗೆಯೇ ಸುತ್ತಿದೆ. ಆಯಿ ಅವನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಸವರಿ ನೋಡಿದರು.

"ಬರೋಬ್ಬರಿ ಆತೇನು?"

"ಬರೋಬ್ಬರಿ ಆತ್ರಿ ಆಯಿ," ಎಂದೆ. ಒಂದು ಜೋಡಿ ನಾನು ಒಯ್ಯಲೇ ಎಂದು ಕೇಳಿದೆ. ಅವರು ನನ್ನ ಮಡಿಲಿಗೆ ಇಟ್ಟರು. ಬೆಳಗಾವಿಯ ಬಸ್ಸು ಹತ್ತುವಾಗ ಅದು ನನ್ನ ಕಾಲಲ್ಲಿತ್ತು, ಎಡಗಾಲಿಗೆ ಹಸಿರು, ಬಲಗಾಲಿಗೆ ಕಂದು.