ಹಸಿರು ತೂತಿಗೆ ಹಳದಿ ಪಿನ್ನು

ಕಪ್ಪು ಇನ್ಸುಲೇಷನ್ ಟೇಪು ಹಳೆಯದಾಗಿ ಅಂಟು ಬಿಟ್ಟರೆ ಒಂದು ವಾಸನೆ ಬರುತ್ತದೆ. ರಬ್ಬರಿನದೂ ಅಲ್ಲ, ಡೀಸೆಲ್ಲಿನದೂ ಅಲ್ಲ, ಎರಡರ ನಡುವಿನದು. ಹೋದ ಭಾನುವಾರ ಆಲೂರಿನ ನಮ್ಮ ಮನೆಯಲ್ಲಿ ವೈರುಗಳ ಡಬ್ಬಿ ತೆರೆದಾಗ ಆ ವಾಸನೆ ಮೂಗಿಗೆ ಬಂತು. ನನ್ನ ಗಂಡ ಗೆಳೆಯರೊಬ್ಬರಿಂದ ಟಿವಿಗೆ ಹಾಕಿ ಆಡುವ ಗೇಮೊಂದನ್ನು ತಂದಿದ್ದರು. ಜೋಡಿಸಿದರೆ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬರುತ್ತಿತ್ತೇ ಹೊರತು ಬೇರೇನೂ ಇಲ್ಲ. ಕೇಬಲ್ಲೇ ಕೆಟ್ಟಿದೆ ಎಂದು ಅವರು ತೀರ್ಪು ಕೊಟ್ಟಾಗಿತ್ತು. ಅವರದು ಯಾವತ್ತೂ ತೀರ್ಪು ಮೊದಲು, ವಿಚಾರಣೆ ಆಮೇಲೆ.

ಬೇರೆ ಕೇಬಲ್ಲು ಸಿಕ್ಕೀತೇನೋ ಎಂದು ಡಬ್ಬಿಗೆ ಕೈ ಹಾಕಿದರೆ ಕೈಗೆ ಬಂದದ್ದು ಹಳದಿ, ಬಿಳಿ, ಕೆಂಪು ಪಿನ್ನುಗಳ ಹಳೇ ಕಾಲದ್ದು. ಅದರ ಹಳದಿ ಪಿನ್ನಿನ ಕುತ್ತಿಗೆಗೆ ಕಪ್ಪು ಟೇಪನ್ನು ದಪ್ಪಗೆ ಸುತ್ತಿತ್ತು. ಸುತ್ತಿದವರು ಜೀಪ್ ಮಾವ. ಆ ಒಂದು ಪಿನ್ನಿನ ದೆಸೆಯಿಂದ ಅವರು ತಮ್ಮ ಜೀಪನ್ನೇ ಮಾರಲು ಹೊರಟಿದ್ದರು.

ಮಾವ ಎಂದರೆ ಸಂಬಂಧದ ಮಾವನಲ್ಲ, ಹಾನುಬಾಳಿನಲ್ಲಿ ನಮ್ಮ ಪಕ್ಕದ ಮನೆಯವರು. ಎಸ್ಟೇಟುಗಳ ಕಡೆ ಬಸ್ಸು ಹೋಗದ ದಾರಿಯಲ್ಲೆಲ್ಲ ಅವರ ಜೀಪು ಹೋಗುತ್ತಿತ್ತು. ಬೆಳಿಗ್ಗೆ ಕೆಲಸದವರನ್ನು ಬಿಟ್ಟು, ಸಂಜೆ ಕರೆತಂದು, ನಡುವೆ ಬಸುರಿಯರನ್ನೂ ಜ್ವರದವರನ್ನೂ ಸಕಲೇಶಪುರಕ್ಕೆ ಮುಟ್ಟಿಸುತ್ತಿದ್ದರು. ಅವರ ಮಗಳನ್ನು ಅರಕಲಗೂಡಿಗೆ ಕೊಟ್ಟಿತ್ತು. ಅಳಿಯನ ಹತ್ತಿರ ಹಳೆಯದೊಂದು ಗೇಮ್ ಇತ್ತು. ಅದರ ಸದ್ದು ಬೀಗಿತ್ತಿಯ ಕಿವಿಗೆ ಆಗಿಬರಲಿಲ್ಲವಾಗಿ ಮಗಳು ಅದನ್ನು ತವರಿಗೆ ತಂದು ಹಾಕಿದಳು. ಹೀಗೆ ಒಂದು ಮನೆಯ ನೆಮ್ಮದಿಗಾಗಿ ಇನ್ನೊಂದು ಮನೆಗೆ ಬಂದ ವಸ್ತು ಅದು.

ಆಗ ನಾನು ಡಿಗ್ರಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದೆ. ಸಂಜೆ ಮಾವ ಜೀಪು ನಿಲ್ಲಿಸಿ ಕೈಕಾಲು ತೊಳೆದದ್ದೇ ನನ್ನನ್ನು ಕೂಗುತ್ತಿದ್ದರು. ಆಡುತ್ತಿದ್ದದ್ದು ಕಾರಿನ ರೇಸು. ಇಡೀ ದಿನ ಗುಂಡಿ ಬಿದ್ದ ರಸ್ತೆಯಲ್ಲಿ ಸ್ಟೀರಿಂಗ್ ತಿರುಗಿಸಿ ಬಂದವರಿಗೆ ಮನೆಯಲ್ಲೂ ಕಾರು ಓಡಿಸುವ ಚಪಲ ಯಾಕೋ ನನಗೆ ತಿಳಿಯುತ್ತಿರಲಿಲ್ಲ. ಅವರಿಗೆ ಆ ಆಟದ ಬಗ್ಗೆ ತಕರಾರೂ ಇತ್ತು. ಹಾರ್ನ್ ಇಲ್ಲ ಎನ್ನುವುದು ಮೊದಲನೆಯದು. ತಿರುವಿನಲ್ಲಿ ಹಾರ್ನ್ ಹೊಡೆಯದೆ ನುಗ್ಗುವುದು ಡ್ರೈವಿಂಗೇ ಅಲ್ಲ ಎನ್ನುತ್ತಿದ್ದರು. ಏರು ಬಂದರೆ ತಮ್ಮ ಕಾರನ್ನು ಬದಿಗೆ ನಿಲ್ಲಿಸಿ ನನ್ನ ಕಾರಿಗೆ ದಾರಿ ಬಿಟ್ಟುಬಿಡುತ್ತಿದ್ದರು. ಘಾಟಿಯಲ್ಲಿ ಏರು ಹತ್ತುವ ಗಾಡಿಗೆ ದಾರಿ ಬಿಡಬೇಕು ಎನ್ನುವುದು ಅವರ ಕೈಕಾಲಿಗೇ ಅಂಟಿಹೋಗಿತ್ತು. ರೇಸಿನಲ್ಲಿ ಸೈಡ್ ಕೊಟ್ಟು ಸೋತ ಮನುಷ್ಯ ಈ ಲೋಕದಲ್ಲಿ ಅವರೊಬ್ಬರೇ ಇರಬೇಕು…

ಆ ಬೇಸಿಗೆಯಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಗೊತ್ತಾದದ್ದೇ ತಡ, ಜೀಪು ಹತ್ತಿದವರೆಲ್ಲ ಡಾಕ್ಟರುಗಳಾದರು. ಒಬ್ಬರು ಹಾಗಲಕಾಯಿ ಎಂದರು, ಒಬ್ಬರು ಮೆಂತ್ಯ ಎಂದರು. ಇನ್ನೊಬ್ಬ ಪುಣ್ಯಾತ್ಮ, ಸಕ್ಕರೆ ಮೊದಲು ಹಿಡಿಯುವುದೇ ಕಣ್ಣನ್ನು, ಮೊದಲು ಬಣ್ಣ ಹೋಗುತ್ತದೆ, ಆಮೇಲೆ ದೃಷ್ಟಿ ಹೋಗುತ್ತದೆ ಎಂದು ಹೇಳಿ ತನ್ನ ಸ್ಟಾಪಿನಲ್ಲಿ ಇಳಿದುಹೋದ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾವ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು.

ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲ ಬಂದರೆ ಡಿಶ್ಶು ಕೆಲಸ ಮಾಡುವುದಿಲ್ಲ, ಟಿವಿ ಇದ್ದರೂ ಗೇಮಿಗೆ ಮಾತ್ರ. ಗೋಡೆಗೆ ಬೂಷ್ಟು ಬಂದಿತ್ತು. ಅತ್ತೆ, ಎಂದರೆ ಮಾವನ ಹೆಂಡತಿ, ಒಂದು ದಿನ ಟಿವಿಯ ಎಲ್ಲ ವೈರುಗಳನ್ನೂ ಕಿತ್ತು ಗೋಡೆ ಒರೆಸಿ, ಮಗಳಿಗೆ ಫೋನು ಮಾಡಿ ಕೇಳಿಕೊಂಡು, ಅವನ್ನೆಲ್ಲ ಮತ್ತೆ ಸಿಕ್ಕಿಸಿದರು. ಚಿತ್ರ ಬರುವ ತನಕ ರಿಮೋಟಿನ ಗುಂಡಿ ಒತ್ತುತ್ತಿರು ಎಂದು ಮಗಳು ಹೇಳಿದ್ದಳಂತೆ. ಒತ್ತಿದರು. ಚಿತ್ರ ಬಂತು, ಸದ್ದೂ ಬಂತು. ಬಣ್ಣ ಮಾತ್ರ ಬರಲಿಲ್ಲ.

ಯಾರಾದರೂ ಅದನ್ನು ಬಾಯಿಬಿಟ್ಟು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಯಾಕೆಂದರೆ ಹಾನುಬಾಳಿನಲ್ಲಿ ಮಳೆಗಾಲದ ಎಲ್ಲ ಕೇಡಿಗೂ ಒಂದೇ ಉತ್ತರವಿತ್ತು: ಡಿಮ್ಮು, ಎಂದರೆ ಕರೆಂಟಿನ ವೋಲ್ಟೇಜು ಇಳಿದಿದೆ ಎಂದು. ಬಲ್ಬು ಬೆಂಕಿಕಡ್ಡಿಯಷ್ಟು ಉರಿದರೆ ಡಿಮ್ಮು. ಮಿಕ್ಸಿ ಗೊರಗೊರ ಎಂದರೆ ಡಿಮ್ಮು. ಮೋಟಾರು ನೀರೆತ್ತದಿದ್ದರೆ ಡಿಮ್ಮು. ಟಿವಿಯಲ್ಲಿ ಬಣ್ಣವಿಲ್ಲದೆ ಕಾರುಗಳು ಬೂದಿ ಬಣ್ಣದಲ್ಲಿ ಓಡಿದರೆ ಅದೂ ಡಿಮ್ಮೇ ಎಂದು ನಾನು ಅಂದುಕೊಂಡೆ. ಅತ್ತೆಯೂ ಹಾಗೇ ಅಂದುಕೊಂಡರು. ಕರೆಂಟು ಸರಿಯಾದರೆ ಬಣ್ಣವೂ ಬರುತ್ತದೆ ಎನ್ನುವುದರಲ್ಲಿ ನಮಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮಾವ ಒಂದು ಸಂಜೆ ಪರದೆಯನ್ನೇ ನೋಡುತ್ತ ಕೂತು, “ಡಿಮ್ಮಾಗ್ಬುಟ್ಟೈತೆ ಕಣೇ” ಎಂದರು.

ಅತ್ತೆ ಒಲೆಯ ಹತ್ತಿರದಿಂದಲೇ, “ಮಳೆಗಾಲ ಅಲ್ವಾ, ಹಂಗೇಯ. ಎಲ್ಲಾರ್ ಮನೇಲೂ ಇದೇ ಕತೆ” ಎಂದರು.

ಮಾವ ಮತ್ತೆ ಆ ಮಾತೆತ್ತಲಿಲ್ಲ.

ಆಮೇಲಿನ ದಿನಗಳಲ್ಲಿ ಅವರು ಬದಲಾದರು. ಕತ್ತಲಾಗುವ ಮುಂಚೆಯೇ ಜೀಪು ತಂದು ನಿಲ್ಲಿಸಿಬಿಡುವರು. ತಂತಿಯ ಮೇಲೆ ಒಣಹಾಕಿದ ಅತ್ತೆಯ ಸೀರೆಗಳ ಮುಂದೆ ನಿಂತು ಒಂದೊಂದನ್ನೇ ದಿಟ್ಟಿಸುವರು. ಹೆದರಿದ ಕಣ್ಣಿಗೆ ಎಲ್ಲವೂ ಮಾಸಿದಂತೆಯೇ ಕಂಡಿರಬೇಕು, ಮಳೆಗಾಲದ ಬೆಳಕು ಬೇರೆ. ಆಟಕ್ಕೆ ಮಾತ್ರ ತಪ್ಪದೆ ಕರೆಯುತ್ತಿದ್ದರು. ಕಾರು ಆರಿಸುವಾಗ, “ಯಾವ ಬಣ್ಣದ್ ತಗೋತೀಯಾ ಮಗಾ?” ಎಂದು ಕೇಳುವುದನ್ನು ಹೊಸದಾಗಿ ಶುರು ಮಾಡಿದ್ದರು.

ನಾನು ಪರದೆ ನೋಡದೆಯೇ “ಕೆಂಪು” ಎನ್ನುತ್ತಿದ್ದೆ. ಸಾಲಿನಲ್ಲಿ ಮೊದಲನೆಯ ಕಾರು ಕೆಂಪಿನದು, ಯಾವತ್ತೂ ನನ್ನದು ಅದೇ. ಅಭ್ಯಾಸಬಲ. ಮಾವ ಸುಮ್ಮನೆ ತಲೆಯಾಡಿಸುತ್ತಿದ್ದರು.

ಅದೇ ಸಮಯಕ್ಕೆ ಜೀಪು ಮಾರುತ್ತೇನೆ ಎಂದು ಹೇಳಿಬಿಟ್ಟರು. ಕಾರಣ ಕೇಳಿದರೆ, ಸಾಕಾಯ್ತು ಎಂದಷ್ಟೇ. ಅತ್ತೆ ಜಗಳವಾಡಿದರು, ಮಾತು ಬಿಟ್ಟರು, ಮತ್ತೆ ತಾವೇ ಮಾತಾಡಿದರು. ಜಪ್ಪಯ್ಯ ಎಂದರೂ ಮಾವ ಜಗ್ಗಲಿಲ್ಲ. ಹೆತ್ತೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು ಜೀಪು ನೋಡಲು ಬರುವುದೆಂದು ನಿಕ್ಕಿಯಾಯಿತು. ಆ ಮನುಷ್ಯನ ಕೈಯಿಂದ ಜೀಪು ಹೋಗುವುದೆಂದರೆ ಏನೆಂದು ನನಗೂ ಅರ್ಥವಾಗುತ್ತಿತ್ತು. ಸಂಕಟವಾಗುತ್ತಿತ್ತು. ಕೇಳುವ ಧೈರ್ಯ ಇರಲಿಲ್ಲ.

ರೈಟರು ಬರುವ ದಿನ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಹಿಂದಿನ ದಿನವಷ್ಟೇ ಲೈನ್‌ಮನ್‌ಗಳು ಬಂದು ಊರಿನ ಕರೆಂಟು ಸರಿಮಾಡಿ ಹೋಗಿದ್ದರು. ಬಲ್ಬುಗಳು ಕಣ್ಣು ಕೋರೈಸುವಂತೆ ಉರಿಯುತ್ತಿದ್ದವು, ಅತ್ತೆಯ ಮಿಕ್ಸಿ ಕಿರುಚುತ್ತಿತ್ತು. ಮಾವ ಜೀಪಿನ ಹತ್ತಿರ ನಿಲ್ಲಲು ಮನಸ್ಸಾಗದೆ ನನ್ನನ್ನು ಆಟಕ್ಕೆ ಕರೆದರು. ಕಾರುಗಳ ಸಾಲು ಬಂತು. ಅದೇ ಬೂದಿ. ಆಗ ನಾನು ಏನೂ ಯೋಚಿಸದೆ ಅಂದೆ, “ಇವತ್ತು ಡಿಮ್ ಇಲ್ವಲ್ಲ ಮಾವ, ಆದ್ರೂ ಯಾಕೆ ಬಣ್ಣ ಬಂದಿಲ್ಲ?”

ಮಾವ ಕೈಲಿದ್ದ ಆಟದ ರಿಮೋಟನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು.

“ನಿಂಗೂ ಕಾಣ್ತಿಲ್ವಾ?”

“ಏನ್ ಮಾವ?”

“ಬಣ್ಣ. ನಿಂಗೂ ಕಾಣ್ತಿಲ್ವಾ ಮಗಾ? ಕೆಂಪು ಅಂತಿದ್ದೆಯಲ್ಲ ದಿನಾ…”

ಆಗ ಹೇಳಿದರು, ಎಲ್ಲವನ್ನೂ. ಸಕ್ಕರೆ, ಜೀಪಿನಲ್ಲಿ ಕೂತವನ ಮಾತು, ಕಣ್ಣು. ಜೀಪಿನಲ್ಲಿ ಬೇರೆಯವರ ಮಕ್ಕಳು ಕೂರುತ್ತಾರೆ, ಕಣ್ಣು ಹೋಗುತ್ತಿರುವವನು ಓಡಿಸುವುದು ಪಾಪ, ಅದಕ್ಕೇ ಮಾರುತ್ತಿದ್ದೇನೆ ಎಂದರು. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೇಳಿಸಿತ್ತು.

“ನಂಗೊಂದ್ ಮಾತ್ ಹೇಳೋಕೇನಾಗಿತ್ರೀ?”

“ಹೇಳಿದ್ನಲ್ವೇನೇ, ಡಿಮ್ಮಾಗೈತೆ ಅಂತ.”

“ಅಯ್ಯೋ, ನಾನು ಕರೆಂಟು ಅಂದ್ಕೊಂಡೆ ಕಣ್ರೀ.”

ಅತ್ತೆಗೆ ನಗು ಬಂತು, ಅದರ ಹಿಂದೆಯೇ ಅಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದರು.

ಮಾವ ಟಾರ್ಚು ತಂದರು. ಇಬ್ಬರೂ ಟಿವಿಯನ್ನು ಗೋಡೆಯಿಂದ ಮುಂದಕ್ಕೆ ಎಳೆದೆವು. ಹಿಂದೆ ಎರಡು ಸಾಲು ತೂತುಗಳಿದ್ದವು. ಒಂದರಲ್ಲಿ ಹಳದಿ, ಬಿಳಿ, ಕೆಂಪು. ಅದು ಖಾಲಿ. ಇನ್ನೊಂದರಲ್ಲಿ ಹಸಿರು, ನೀಲಿ, ಕೆಂಪು, ಮತ್ತೆ ಬಿಳಿ, ಕೆಂಪು. ಅತ್ತೆ ಆ ಸಾಲಿನಲ್ಲಿ ಬಿಳಿಗೆ ಬಿಳಿ, ಕೆಂಪಿಗೆ ಕೆಂಪು ಸಿಕ್ಕಿಸಿ, ಉಳಿದ ಹಳದಿ ಪಿನ್ನನ್ನು ಹಸಿರು ತೂತಿಗೆ ತುರುಕಿದ್ದರು. ಮೂರನ್ನೂ ಕಿತ್ತು ಬಣ್ಣಕ್ಕೆ ಬಣ್ಣ ಕೂಡಿಸಿ ಹಳದಿಯ ಸಾಲಿಗೆ ಹಾಕಿದೆವು. ಎದುರಿಗೆ ಬಂದು ನೋಡಿದರೆ ಇದ್ದ ಚಿತ್ರವೂ ಮಾಯ. ಬರೀ ಕಪ್ಪು. ಮಾವ ನನ್ನ ಮುಖ ನೋಡಿದರು. ಟಿವಿ ಇನ್ನೂ ಹಳೇ ಸಾಲನ್ನೇ ನೋಡುತ್ತಿದೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ರಿಮೋಟಿನ ಸೋರ್ಸ್ ಗುಂಡಿ ಒತ್ತಿದೆ. ಇನ್ನೊಮ್ಮೆ ಒತ್ತಿದೆ.

ಕಾರುಗಳು ಬಂದವು.

ಮಾವ ಪರದೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. “ಇದು ಕೆಂಪು. ಇದು ನೀಲಿ. ಇದು ಹಳದಿ. ಸರಿನಾ?”

“ಸರಿ ಮಾವ.”

“ಎಲ್ಲಾ ಸರೀನಾ?”

“ಎಲ್ಲಾ ಸರಿ.”

ಅವರು ಹಾಗೇ ಗೋಡೆಗೊರಗಿ ಕಾಲು ಚಾಚಿದರು. ದೊಡ್ಡದೊಂದು ಉಸಿರು ಬಿಟ್ಟರು. ಅಷ್ಟು ದಿನದಿಂದ ಹಿಡಿದಿಟ್ಟದ್ದೆಲ್ಲ ಅದರಲ್ಲಿ ಹೋಯಿತೆನಿಸುತ್ತದೆ. ನಾನೂ ಅಲ್ಲೇ ಕೂತುಬಿಟ್ಟೆ. ಅಷ್ಟು ಹಗುರವಾಗಿ ನಾನು ಮುಂದೆ ಕೆಲಸದ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ.

ರೈಟರು ಬಂದರು. ಮಾವ ಅವರನ್ನು ಕೂರಿಸಿ ಕಾಫಿ ಕೊಡಿಸಿ, “ಜೀಪ್ ಕೊಡಲ್ಲ ಕಣ್ರೀ, ಟಿವಿ ಸರಿಹೋಯ್ತು” ಎಂದರು. ರೈಟರು ಲೋಟ ಹಿಡಿದುಕೊಂಡು ಜೀಪಿನ ಕಡೆ ಒಮ್ಮೆ, ಟಿವಿಯ ಕಡೆ ಒಮ್ಮೆ ನೋಡಿದರು. ಪಾಪ, ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ.

ಅತ್ತೆ ಬಿಡದೆ ಮಾವನನ್ನು ಸಕಲೇಶಪುರಕ್ಕೆ ಕರೆದೊಯ್ದು ಕಣ್ಣು ತೋರಿಸಿದರು. ಕಣ್ಣು ಚೆನ್ನಾಗಿದೆ, ಓದಲಿಕ್ಕೊಂದು ಕನ್ನಡಕ ಸಾಕು ಎಂದರಂತೆ ಡಾಕ್ಟರು. ಮಾವ ಹಳದಿ ಪಿನ್ನಿಗೆ ಗುರುತಿಗೆಂದು ಜೀಪಿನ ಟೇಪು ಸುತ್ತಿದರು. ಆಮೇಲೂ ವರ್ಷಗಟ್ಟಲೆ ಜೀಪು ಓಡಿಸಿದರು. ಅವತ್ತಿನಿಂದ ನನ್ನನ್ನು ಮಾತಾಡಿಸುವ ರೀತಿಯೇ ಬೇರೆಯಾಯಿತು. ಚೆನ್ನಾಗಿದೀಯಾ, ಊಟ ಆಯ್ತಾ, ಯಾವುದೂ ಇಲ್ಲ. ಕಂಡ ಕೂಡಲೇ ನಾನು ಉಟ್ಟಿದ್ದರ ಬಣ್ಣ ಹೇಳುವರು. “ಇವತ್ತು ನೀಲಿ.” ನಾನು “ಸರಿ ಮಾವ” ಎನ್ನಬೇಕು. ನನ್ನ ಮದುವೆಯ ಮಂಟಪಕ್ಕೂ ಹತ್ತಿ ಬಂದು, ಪುರೋಹಿತರ ಎದುರೇ “ಅರಿಶಿನ” ಎಂದು ಹೇಳಿ ಅಕ್ಷತೆ ಹಾಕಿ ಹೋದವರು ಅವರು.

ಅವರಿಗೆ ಕೊನೆಗೆ ಕೈಕೊಟ್ಟದ್ದು ಕಣ್ಣಲ್ಲ, ಹೃದಯ. ಹಾಸನದ ಆಸ್ಪತ್ರೆಗೆ ನೋಡಲು ಹೋದಾಗ ಮಾತು ತೀರಾ ಕ್ಷೀಣವಾಗಿತ್ತು. ನನ್ನ ಸೀರೆಯನ್ನು ತುಂಬಾ ಹೊತ್ತು ನೋಡಿ, “ನೇರಳೆ…” ಎಂದರು. ತುಸು ತಡೆದು, “ಅಲ್ಲ. ಬದನೆಕಾಯಿ” ಎಂದು ತಿದ್ದಿಕೊಂಡರು. ಅದು ಬದನೆಕಾಯಿ ಬಣ್ಣವೇ ಆಗಿತ್ತು… ಸರಿ ಮಾವ ಎಂದೆ. ಮತ್ತೆ ನಾವು ಮಾತಾಡಲಿಲ್ಲ. ಅವರು ಹೋದ ಮೇಲೆ ಅತ್ತೆ ಗೇಮನ್ನೂ ಕೇಬಲ್ಲನ್ನೂ ನನಗೇ ಕೊಟ್ಟರು. ಗೇಮು ಓಡುವುದಿಲ್ಲ, ಕೇಬಲ್ಲು ಡಬ್ಬಿಯಲ್ಲಿತ್ತು.

ಅದನ್ನು ಕೈಲಿ ಹಿಡಿದುಕೊಂಡೇ ಟಿವಿಯ ಹಿಂದೆ ಇಣುಕಿದೆ. ನನ್ನ ಗಂಡ ಕೇಬಲ್ಲನ್ನು ಎರಡನೇ ತೂತಿಗೆ ಹಾಕಿದ್ದರು, ಟಿವಿ ಒಂದನೆಯದನ್ನು ನೋಡುತ್ತ ಕೂತಿತ್ತು. ಸೋರ್ಸ್ ಗುಂಡಿ ಒತ್ತಿದೆ, ಚಿತ್ರ ಬಂತು. ನೋಡಿದ್ಯಾ, ಕೇಬಲ್ಲಿನದೇ ತೊಂದರೆ ಎಂದು ನಾನು ಹೇಳಿರಲಿಲ್ಲವೇ ಎಂದರು ಇವರು. ಇಂಥವರ ಜೊತೆ ಏನು ವಾದ ಮಾಡುವುದು.

ಇದೂ ಕಾರಿನ ರೇಸೇ. ಕಾರುಗಳ ಸಾಲು ಬಂದಾಗ, ನಿನಗೆ ಯಾವ ಬಣ್ಣದ್ದು ಎಂದು ಕೇಳಿದರು. ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. ಪರದೆಯ ಹತ್ತಿರ ಹೋಗಿ ಒಂದೊಂದನ್ನೇ ನೋಡಿದೆ. ಆಮೇಲೆ “ಕೆಂಪು” ಎಂದೆ.

ಸರಿ ಎನ್ನುವವರು ಯಾರೂ ಇರಲಿಲ್ಲ.