ಕಾರಿನಲ್ಲಿ ಹಿಡಿಯದ ಬಾಂಬರ್

“ಅಜ್ಜಿ, ಫಸ್ಟ್ ಪ್ರೈಜ್! ನಮ್ಮ ಬಾಂಬರ್‌ಗೆ ಫಸ್ಟ್ ಪ್ರೈಜ್!”

ಮೊಮ್ಮಗಳು ಶಾಲೆಯಿಂದ ಫೋನಿನಲ್ಲಿ ಕೂಗಿದ್ದು ಇಷ್ಟು ವರ್ಷವಾದರೂ ಕಿವಿಯಲ್ಲಿದೆ. ನಾನು ಕಲಿತದ್ದು ಮೂರನೇ ಇಯತ್ತೆ. ಬಾಂಬರ್ ಎಂದರೆ ನನಗೇನು ಗೊತ್ತು? ಆದರೂ ಕುವೈತಿನ ಅಬ್ಬಾಸಿಯಾದ ನಮ್ಮ ಕಟ್ಟಡದಲ್ಲಿ ಕಂಡ ಕಂಡ ಬಾಗಿಲು ಬಡಿದು ಸಕ್ಕರೆ ಹಂಚಿಬಂದೆ.

ಆ ವರ್ಷ ಅವಳಿಗೆ ಶಾಲೆ ಹೊಸದು. ಡಬ್ಬಿಯ ರೊಟ್ಟಿಯನ್ನು ಒಬ್ಬಳೇ ಕೂತು ತಿನ್ನುತ್ತಿದ್ದಳಂತೆ. ಶಾಲೆಯ ವಿಮಾನ ಮಾದರಿಗಳ ಪ್ರದರ್ಶನದಲ್ಲಿ ಗೆದ್ದರೆ ಯಾರಾದರೂ ಮಾತಾಡಿಸಿಯಾರು ಎಂಬುದೇ ಅವಳ ಆಸೆ. ಅದಕ್ಕೇ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷರ ಬಾಂಬು ಹಾಕುವ ಭಾರೀ ವಿಮಾನವನ್ನು ರಟ್ಟಿನಲ್ಲಿ ಮಾಡಲು ಹೊರಟಿದ್ದಳು.

“ಯುದ್ಧದ ವಿಮಾನ ಯಾಕವ್ವಾ? ಇಲ್ಲಿ ಯುದ್ಧ ಆದಾಗ ನಿಮ್ಮಜ್ಜ ಕಂಡದ್ದು ಸಾಲದೇನು?” ಎಂದೆ.

“ಅಜ್ಜಿ, ಲಿಸನ್! ಮೊದಲು ಎರಡೇ ಇಂಜಿನ್. ಪದೇ ಪದೇ ಕೆಡ್ತಿದ್ವು. ಆಮೇಲೆ ರೆಕ್ಕೆ ಉದ್ದ ಮಾಡಿ, ಬೇರೆ ನಾಲ್ಕು ಇಂಜಿನ್ ಹಾಕಿದ್ರು. ಸೂಪರ್ ಆತು!”

ನಮ್ಮ ಯಜಮಾನರು ಕುವೈತಿನಲ್ಲಿ ಜೀವಮಾನವೆಲ್ಲ ಏಸಿಯ ಗಾಳಿ ಹಾಯುವ ತಗಡಿನ ಡಕ್ಟ್ ಮಾಡಿದವರು. ರಟ್ಟು ಕೊಯ್ಯುವುದೆಂದರೆ ಅವರಿಗೆ ಹಬ್ಬ. ಅಜ್ಜ, ಮೊಮ್ಮಗಳು ಕೂಡಿ ಆಳುದ್ದದ ರೆಕ್ಕೆ ಮಾಡಿದರು. ಅವಳು, “ಅಂಟು ಈಗ ಬ್ಯಾಡ ಅಜ್ಜಾ, ಸಾಲ್ಯಾಗ ಹಚ್ಚತೀನಿ” ಎಂದರೂ ಇವರು ಕೇಳಲಿಲ್ಲ.

“ಅರ್ಧಾ ಮಾಡಿದ್ದು ಹೊಸ್ತಿಲಾ ದಾಟಬಾರದು, ಪುಟ್ಟಿ” ಎಂದು ಎಲ್ಲವನ್ನೂ ಗಟ್ಟಿಯಾಗಿ ಅಂಟಿಸಿಬಿಟ್ಟರು. ನಾನು ಮೂತಿಗೆ ಕುಂಕುಮ ಹಚ್ಚಿ ಆರತಿಯನ್ನೂ ಎತ್ತಿದೆ.

ಪ್ರದರ್ಶನದ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ ಇಳಿಸಿದೆವು. ಕಾರಿನ ಹತ್ತಿರ ಬಂದರೆ ಯಾವ ಬಾಗಿಲಿನಲ್ಲೂ ತೂರಲೊಲ್ಲದು! ಮೇಲೆ ಕಟ್ಟೋಣವೆಂದರೆ ಧೂಳಿನ ಗಾಳಿ. ಮಗ ಗಡಿಯಾರ ನೋಡಿಕೊಂಡು, “ಅಪ್ಪಾ, ಯಲ್ಲಾ ಯಲ್ಲಾ, ಲಗೂನ ಏನರ ಮಾಡ್ರಿ!” ಎಂದ. ಹುಡುಗಿಯ ಕಣ್ಣು ತುಂಬಿ ಬಂತು.

ನನಗೆ ತಡೆಯಲಾಗಲಿಲ್ಲ. “ಊರ ಮಂದಿ ಡಕ್ಟೆಲ್ಲಾ ತುಂಡ ತುಂಡ ಒಯ್ದು ಅಲ್ಲೇ ಜೋಡಸಾವ್ರು ನೀವು. ಮೊಮ್ಮಗಳ ವಿಮಾನಕ್ಕ ಆ ಬುದ್ಧಿ ಎಲ್ಲಿ ಹೋಗಿತ್ತರಿ?”

ಅವರು ತಲೆ ಕೆರೆದುಕೊಂಡರು. ಹುಡುಗಿ ಮಾತ್ರ ಥಟ್ಟನೆ ಕಣ್ಣೊರೆಸಿಕೊಂಡಳು. “ಅಜ್ಜಾ, ಕಟ್ ಮಾಡು! ಖರೇ ವಿಮಾನನೂ ಹಂಗ. ಒಂದೊಂದು ಕಡೆ ಒಂದೊಂದು ಭಾಗ ಮಾಡಿ, ಲಾರಿಯೊಳಗ ತಂದು ಜೋಡಸ್ತಿದ್ರು. ಅದಕ್ಕ ಅಷ್ಟು ಜಲ್ದಿ ಅಷ್ಟೊಂದು ಆದ್ವು.”

ಅಜ್ಜ ಬ್ಲೇಡು ಹಿಡಿದರು. ಮೈಗೆ ಹತ್ತಿರದ ಎರಡು ಇಂಜಿನ್ ಹಾಗೇ ಉಳಿಸಿ, ಅವುಗಳಾಚೆಗೆ ರೆಕ್ಕೆ ಕೊಯ್ದರು. ಬಾಲವನ್ನೂ ಬೇರೆ ಮಾಡಿದರು. ಮೂಲೆಯ ಹೋಟೆಲಿನವನು ಕಬಾಬಿನ ಕಡ್ಡಿ ಕೊಟ್ಟ. ಅವನ್ನು ಚುಚ್ಚಿ ಜೋಡಿಸಿದರೆ ಭದ್ರ, ಕಿತ್ತರೆ ಬೇರೆ.

ಶಾಲೆಯಲ್ಲಿ ಅವಳು ತೀರ್ಪುಗಾರರ ಎದುರೇ ಒಂದೊಂದು ತುಂಡು ಜೋಡಿಸುತ್ತ ಇದನ್ನೆಲ್ಲ ಹೇಳಿದಳಂತೆ. ಉಳಿದವರ ವಿಮಾನಗಳು ಸುಮ್ಮನೆ ನಿಂತಿದ್ದವು. ನಮ್ಮದು ಕಣ್ಣೆದುರಿಗೆ ತಯಾರಾಯಿತು! ಆಮೇಲೆ ಹುಡುಗಿಯರು, “ನಾನೊಂದ್ಸಲ ಜೋಡಿಸಲಾ?” ಎಂದು ಮುತ್ತಿಕೊಂಡರಂತೆ.

ಅಂದು ಸಂಜೆ ಹೊಸ ಗೆಳತಿಯರಿಬ್ಬರನ್ನು ಕರೆದುಕೊಂಡೇ ಬಂದಳು. ನೆಲಕ್ಕೆ ಚಾಪೆ ಹಾಸಿ ಮಗ, ಸೊಸೆ, ಯಜಮಾನರು, ಮಕ್ಕಳು, ಎಲ್ಲರೂ ಒಟ್ಟಿಗೆ ಕೂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನಡುವೆ ಕುಂಕುಮದ ಮೂತಿಯ ವಿಮಾನ.

“ಇನ್ನೊಂದು ರೊಟ್ಟಿ ಹಾಕ” ಎಂದರು ಯಜಮಾನರು.

“ಇಡೀದು ಬೇಕೋ, ತುಂಡು ಮಾಡಿ ಹಾಕ್ಲೋ?” ಎಂದೆ.

ಮಕ್ಕಳೆಲ್ಲ ಹೋ ಎಂದು ನಕ್ಕರು. ಅವರೂ ನಗುತ್ತ ತಟ್ಟೆ ಮುಂದೆ ಸರಿಸಿದರು.