ಹೆಬ್ಬೆರಳು ಪಾಸ್ ಮಾಡಿದ ಆ್ಯಪ್

ಹೊಸೂರಿನ ಮಹಾವೀರರ ಪಟ್ಟಿಯಲ್ಲಿ ಕೋಮಲಾಳ ಹೆಸರು ಇನ್ನೂ ಸೇರಿಲ್ಲ. ಅದು ಆ ಪಟ್ಟಿಯ ದುರದೃಷ್ಟ. ಹನ್ನೊಂದು ವರ್ಷ ಕಾರ್ಖಾನೆಯಲ್ಲಿ ವಾಹನದ ಬಿಡಿಭಾಗಗಳನ್ನು ಸವರಿ, ಕೂದಲೆಳೆಯಷ್ಟು ಉಬ್ಬುತಗ್ಗಿದ್ದರೂ ಕೆಂಪು ಡಬ್ಬಕ್ಕೆ ಎಸೆದ ಹೆಬ್ಬೆರಳು ಅವಳದು. ಈಗ ಅದೇ ಹೆಬ್ಬೆರಳು ಬಾಗಲೂರು ರಸ್ತೆಯ ಮಹಡಿಯ ಮೇಲೆ, ಆರು ಜನರ ಕಂಪನಿಯೊಂದರ ಆ್ಯಪ್‌ಗಳನ್ನು ಪರೀಕ್ಷಿಸುತ್ತದೆ.

ಕೆಲಮಂಗಲದ ತರಕಾರಿ ಬೆಳೆಗಾರರ ಸಂಘಕ್ಕೆಂದು ಅಲ್ಲೊಂದು ಆ್ಯಪ್ ಸಿದ್ಧವಾಯಿತು. ಕೊಯ್ಲಿನ ದಿನ ಗುರುತು ಹಾಕಿದರೆ ತೋಟಕ್ಕೇ ಲಾರಿ ಬರಬೇಕು. ಬರೆದವನು ಜಗನ್. ಅವನ ಒಂದೇ ಕೋಡು ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತಿತ್ತು. ಆದರೆ ಅವನ ಜೇಬಿನಲ್ಲಿದ್ದದ್ದು ಐಫೋನ್. ಆದ್ದರಿಂದ ಆ್ಯಪಿಗೆ ಎಲ್ಲೆಡೆಯೂ ಐಫೋನಿನದೇ ಚಹರೆ. ಆಂಡ್ರಾಯ್ಡಿನಲ್ಲಿ ಒಂದು ಪುಟ ಹಿಂದೆ ಹೋಗಲೆಂದು ಬೆರಳು ಸರಿಸಿದರೆ ಇಡೀ ಆ್ಯಪೇ ಮುಚ್ಚಿಕೊಳ್ಳುತ್ತಿತ್ತು.

"ರಿಜೆಕ್ಟು," ಎಂದಳು ಕೋಮಲಾ.

"ಎರಡು ಫೋನ್ಗೂ ಒಂದೇ ಮುಖ ಇದ್ರೆ ಏನ್ ಮುಳುಗೋಗ್ತದಕ್ಕಾ?"

"ಕೋಡು ನಿಂದು ಕಣಪ್ಪಾ, ಬೆರಳು ಅವರ್ದು. ಅವರ ಬೆರಳಿಗೆ ರೂಢಿ ಇಲ್ದಿದ್ನ ನಾನು ಪಾಸ್ ಮಾಡಾಕಿಲ್ಲ."

ಹನ್ನೆರಡು ದಿನ ಘೋರ ಸಮರ ನಡೆಯಿತು. ಜಗನ್ ಹಲ್ಲು ಕಡಿಯುತ್ತಲೇ ಆಯಾ ಫೋನಿಗೆ ಆಯಾ ಫೋನಿನ ನಡೆನುಡಿ ಕಲಿಸಿದ. ಅಷ್ಟರಲ್ಲಿ ಸಂಘಕ್ಕೆ ಕೊಟ್ಟ ಗಡುವು ದಾಟಿತ್ತು.

ಮಾಲೀಕ ವಸುಧೇಂದ್ರ ತೀರ್ಪಿತ್ತರು: "ಬೆಳೆಗಾರರನ್ನೇ ಕರೆಸ್ತೀನಿ ಕೋಮಲಾ. ಅವರು ತಡವರಿಸಿದ್ರೆ, ಇನ್ಮೇಲೆ ರಿಜೆಕ್ಟ್ ಅನ್ನೋ ಅಧಿಕಾರ ನಿಮಗಿಲ್ಲ."

ಬೀನ್ಸ್ ಬೆಳೆಯುವ ಮುನಿಯಲ್ಲಪ್ಪ ಆಂಡ್ರಾಯ್ಡ್ ಫೋನಿನೊಂದಿಗೆ ಬಂದ. ಮಗಳು ಭೂಮಿಕಾ ಐಫೋನಿನೊಂದಿಗೆ. ಆ್ಯಪ್ ಹಾಕಿಕೊಟ್ಟು, ಲಾರಿ ಕರೆಸಿ ನೋಡಿ ಎಂದರು. ಮುನಿಯಲ್ಲಪ್ಪ ಜೂಜುವಾಡಿಯ ಟ್ರಾಫಿಕ್ಕನ್ನು ಬೈಯುತ್ತಲೇ ಕ್ಯಾಲೆಂಡರಿನಲ್ಲಿ ಶುಕ್ರವಾರ ಒತ್ತಿದ. ಮನಸ್ಸು ಬದಲಿಸಿ, ಬೆರಳು ಸರಿಸಿ ಒಂದು ಪುಟ ಹಿಂದೆ ಹೋಗಿ ಶನಿವಾರ ಒತ್ತಿದ. ಬೈಗುಳ ಒಂದು ಕ್ಷಣವೂ ನಿಲ್ಲಲಿಲ್ಲ. ಪಕ್ಕದಲ್ಲಿ ಭೂಮಿಕಾ ತನ್ನ ಐಫೋನಿನ ತಾರೀಖಿನ ಚಕ್ರವನ್ನು ಸುಮ್ಮನೆ ತಿರುಗಿಸಿ ಮುಗಿಸಿದಳು. ಕೋಮಲಾಳ ಕಣ್ಣು ಮಾತ್ರ ಇಬ್ಬರ ಬೆರಳುಗಳ ಮೇಲೇ ಇತ್ತು.

ಮುನಿಯಲ್ಲಪ್ಪ ಫೋನು ಜೇಬಿಗಿಳಿಸಿದ.

"ಸನಿವಾರಕ್ಕೆ ಲಾರಿ ಹೇಳ್ಬುಟ್ಟೆ. ಅದಿರ್ಲಿ ಸಾರ್, ಹೊಸದೇನೋ ತೋರಿಸ್ತೀವಿ ಅಂತ ಕರೆಸಿದ್ರಲ್ಲ, ಎಲ್ಲಿ?"

"ತೋರ್ಸಿದ್ದಾಯ್ತಲ್ಲಣ್ಣಾ," ಎಂದಳು ಕೋಮಲಾ.

ಜಗನ್ ಎದ್ದು ತನ್ನ ಕುರ್ಚಿಯನ್ನೇ ಅವಳತ್ತ ಎಳೆದ. ಅವಳು ಪಟ್ಟಾಭಿಷೇಕದ ಗತ್ತಿನಲ್ಲಿ ಕೂತಳು.